ಅಮಾವಾಸ್ಯೆಯ ದಿನ ಹಿಂಡಿದ ನಿಂಬೆಹಣ್ಣು

ಮಾರ್ಗರಿಟಾ ಮಾಡುವುದು ಚಹಾ ಮಾಡುವುದಕ್ಕಿಂತ ಸುಲಭ. ಎರಡು ಪಾಲು ಟಕೀಲಾ ಎಂಬ ಮದ್ಯ, ಒಂದು ಪಾಲು ಕಿತ್ತಳೆಯ ಮದ್ಯ, ಒಂದು ಪಾಲು ನಿಂಬೆರಸ, ಒಂದಿಷ್ಟು ಐಸು. ಮುಚ್ಚಳ ಬಿಗಿಯಾಗಿರುವ ಡಬ್ಬಿಗೆ ಹಾಕಿ ಅಲ್ಲಾಡಿಸಬೇಕು. ಗ್ಲಾಸಿನ ಅಂಚಿಗೆ ನಿಂಬೆಹೋಳು ತಿಕ್ಕಿ, ಉಪ್ಪು ಹರವಿದ ತಾಟಿನಲ್ಲಿ ಬೋರಲು ಇಟ್ಟು ಎತ್ತಿದರೆ ಅಂಚಿನ ಸುತ್ತ ಉಪ್ಪು ಹಿಡಿಯುತ್ತದೆ. ಆ ಉಪ್ಪನ್ನು ನೆಕ್ಕುತ್ತ ಕುಡಿಯಬೇಕು, ಅಷ್ಟೇ. ನಾನು ಇದನ್ನು ಜೀವನದಲ್ಲಿ ಒಂದೇ ಒಂದು ಸಲ ಮಾಡಿದ್ದೇನೆ. ಅದರಿಂದ ಒಬ್ಬ ಹೆಂಗಸಿನ ಬದುಕು ಕೆಟ್ಟಿತು. ಕುಡಿದವಳು ನಾನು, ಕೆಟ್ಟದ್ದು ಅವರದು.

ನಮ್ಮ ಮನೆ ನವನಗರದಲ್ಲಿ. ನಾನು, ಗಂಡ, ಆಗ ಆರು ವರ್ಷದವಳಾಗಿದ್ದ ಮಗಳು, ಮತ್ತು ಅತ್ತೆ. ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸುವ ತನಕ ಒಲೆಯ ಮೇಲೆ ಚಹಾ ಕೂಡ ಏರುವುದಿಲ್ಲ. ಮದ್ಯದ ಮಾತು ದೂರ ಉಳಿಯಿತು, ಕೆಮ್ಮಿನ ಔಷಧಿಯ ಬಾಟಲಿಯನ್ನೂ ಅವರು ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಹಾಗೆಂದು ಕಟುವಾದ ಹೆಂಗಸಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ನನಗೆ ರೊಟ್ಟಿ ಬಡಿಯಲು ಬರುವುದಿಲ್ಲವೆಂದು ಯಾರಿಗೂ ಹೇಳದೆ, ಬಾಗಿಲು ಮುಚ್ಚಿಕೊಂಡು ಕಲಿಸಿದವರು ಅವರೇ.

ಪಕ್ಕದ ಮನೆಯವರನ್ನು ನಾನು ಕಾಕು ಎನ್ನುತ್ತಿದ್ದೆ. ಅರವತ್ತು ದಾಟಿದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡು ಸಲ ಬಸುರಾಗಿ ಎರಡೂ ನಿಲ್ಲಲಿಲ್ಲವಂತೆ. ಆಮೇಲೆ ಶಿರಗುಪ್ಪಿಯ ಗಂಡನ ಮನೆಯಲ್ಲಿ, ಇವಳ ಕೈಗುಣ ಒಳ್ಳೆಯದಲ್ಲವೆಂದು ಬಿತ್ತನೆಯ ದಿನ ಬೀಜದ ಬುಟ್ಟಿ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಕಾಕು ಇದನ್ನು ನಗುತ್ತಲೇ ಹೇಳುತ್ತಿದ್ದರು. ನವನಗರಕ್ಕೆ ಬಂದ ವರ್ಷವೇ ಕಾಂಪೌಂಡಿನ ಮೂಲೆಯಲ್ಲಿ ಒಂದು ನಿಂಬೆ ಗಿಡ ಹಚ್ಚಿದ್ದರು. ಅದು ವರ್ಷಪೂರ್ತಿ ಕಾಗದದಂಥ ತೆಳು ಸಿಪ್ಪೆಯ ಕಾಯಿ ಬಿಡುತ್ತಿತ್ತು. ಬಂದವರಿಗೆಲ್ಲ ಟೊಂಗೆ ಬಗ್ಗಿಸಿ ತೋರಿಸಿ, "ನೋಡ್ರಿ ನನ್ನ ಕೈಗುಣ" ಎನ್ನುತ್ತಿದ್ದರು.

ಅತ್ತೆಗೂ ಅವರಿಗೂ ಬಹಳ ಸಲುಗೆ. ಪ್ರತಿವರ್ಷ ಉಪ್ಪಿನಕಾಯಿ ಹಾಕುವಾಗ ಭರಣಿಗೆ ಮೊದಲ ಮುಷ್ಟಿ ಹೋಳನ್ನು ಅತ್ತೆ ಹಟ ಹಿಡಿದು ಕಾಕು ಕೈಯಿಂದಲೇ ಹಾಕಿಸುತ್ತಿದ್ದರು. "ಕೈಗುಣ ಗಿಯಿಗುಣ ಎಲ್ಲಾ ಕೆಲಸ ಇಲ್ಲದವರ ಮಾತು. ಹಾಕು ನೀ" ಎಂದು ಗದರಿಸುತ್ತಿದ್ದರು. ನನ್ನ ಮಗಳಿಗಂತೂ ಕಾಕು ಎಂದರೆ ಜೀವ. ಲಿಂಬಿ ಆಯಿ ಎಂದು ಕರೆಯುತ್ತಿದ್ದಳು. ಎರಡು ಮನೆಯ ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಕಟ್ಟೆ ಮಾತ್ರ ಇತ್ತು. ಸಂಜೆಯಾದರೆ ಮಗಳು ಅದನ್ನು ದಾಟಿ ಹೋಗಿ ತಲೆ ಹೆಣೆಸಿಕೊಂಡು ಬರುತ್ತಿದ್ದಳು.

ನನ್ನ ಗಂಡ ಪಂಪಿನ ಬಿಡಿಭಾಗಗಳ ವ್ಯಾಪಾರದ ಮೇಲೆ ಆಗಾಗ ಗೋವಾಕ್ಕೆ ಹೋಗಿ ಬರುತ್ತಾರೆ. ಅಲ್ಲಿ ಸಮುದ್ರದ ದಂಡೆಯ ಹೋಟೆಲಿನಲ್ಲಿ ಯಾರೋ ಅವರಿಗೆ ಮಾರ್ಗರಿಟಾ ಕುಡಿಸಿದ್ದರು. ಮುಂದಿನ ಸಲ ಹೋದಾಗ ಒಂದು ಬಾಟಲಿ ಟಕೀಲಾ ತಂದು, ಪಂಪಿನ ವಾಶರುಗಳ ಪೆಟ್ಟಿಗೆಯಲ್ಲಿ ಹುದುಗಿಸಿಟ್ಟರು. ನಾನು ಬೈಯಬೇಕಿತ್ತು. ಬದಲಿಗೆ ಯಾವಾಗ ಮಾಡೋಣ ಎಂದು ದಿನ ಎಣಿಸತೊಡಗಿದೆ. ಆ ಆಸೆ ನನ್ನದೇ, ಗಂಡನ ಮೇಲೆ ಹಾಕುವುದಿಲ್ಲ. ಮೂವತ್ತೆಂಟು ವರ್ಷ ಎಲ್ಲರ ಕಣ್ಣಿಗೆ ಛಲೋ ಸೊಸೆ, ಛಲೋ ಹೆಣ್ಣುಮಗಳು ಆಗಿ ಸಾಕಾಗಿತ್ತು.

ಅತ್ತೆ ಪ್ರತಿ ಅಮಾವಾಸ್ಯೆಗೆ ಬೆಳಿಗ್ಗೆ ಹೆಬ್ಬಳ್ಳಿಯ ತವರಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾರೆ. ಹಾಗಾಗಿ ನಮ್ಮ ಪಾಲಿಗೆ ಅಮಾವಾಸ್ಯೆಯೇ ಮುಹೂರ್ತ. ಅದು ಎಂಥ ದಿನ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಾಕು ಬಳಿ ಹನ್ನೆರಡು ನಿಂಬೆಹಣ್ಣು ಕೇಳಿದೆ.

"ಇಷ್ಟೆಲ್ಲಾ ಯಾಕವಾ?" ಎಂದರು.

"ಶರಬತ್ತ ಮಾಡತೇನಿ ಕಾಕು. ಬಿಸಲ ಭಾಳ ಆಗೇತಲ್ಲ."

ಹದಿನೈದು ಕೊಟ್ಟರು.

ಅಡಿಗೆಮನೆಯಲ್ಲಿ ಮಾಡಲು ಇಬ್ಬರಿಗೂ ಧೈರ್ಯವಿರಲಿಲ್ಲ. ದೇವರ ಮಾಡವೂ ಅಲ್ಲೇ ಗೋಡೆಯಲ್ಲಿದೆ. ಎಲ್ಲವನ್ನೂ ಮಾಳಿಗೆಗೆ ಸಾಗಿಸಿ ನೀರಿನ ಟಾಕಿಯ ಹಿಂದೆ ಕುಳಿತೆವು. ಮಧ್ಯಾಹ್ನ ಹನ್ನೆರಡೂವರೆ. ನೆಲ ಕಾದು ಕೂರಲಾಗದೆ ಗೋಣಿಚೀಲ ಹಾಸಿಕೊಂಡೆವು. ಕಿತ್ತಳೆಯ ಮದ್ಯ ಸಿಕ್ಕಿರಲಿಲ್ಲ, ಕಿತ್ತಳೆರಸಕ್ಕೆ ಸಕ್ಕರೆ ಕಲಸಿಕೊಂಡಿದ್ದೆ. ಮಗಳ ಶಾಲೆಯ ಸ್ಟೀಲ್ ಡಬ್ಬಿಯೇ ಅಲ್ಲಾಡಿಸುವ ಪಾತ್ರೆ. ಗೋವಾದಲ್ಲಿ ಉಪ್ಪಿಗೆ ಖಾರ ಕೂಡಿಸಿದ್ದರೆಂದು ಗಂಡ ಹೇಳಿದ್ದರಿಂದ ಅಂಗಡಿಯಿಂದ ತಂದ ಕಾಗದದ ತಾಟಿನಲ್ಲಿ ಉಪ್ಪಿನ ಜೊತೆ ಬ್ಯಾಡಗಿ ಮೆಣಸಿನಪುಡಿ ಬೆರೆಸಿದೆ. ನಿಂಬೆಹಣ್ಣು ಹಿಂಡಿ ಹಿಂಡಿ ನನ್ನ ಅಂಗೈ, ಬೆರಳು ಎಲ್ಲ ರಸ. ಆ ಕಾಗದದಂಥ ಸಿಪ್ಪೆಯ ಎಣ್ಣೆಯೂ ಕೈಗೆ ಹತ್ತಿತ್ತು.

ತೋಳಿಲ್ಲದ ಫ್ರಾಕು ಹಾಕಿಕೊಂಡು ಅಲ್ಲೇ ಆಡುತ್ತಿದ್ದ ಮಗಳು ಗ್ಲಾಸು ನೋಡಿ ಓಡಿ ಬಂದಳು. ನಾನು ಒದ್ದೆ ಕೈಯಿಂದಲೇ ಅವಳ ಎರಡೂ ತೋಳು ಹಿಡಿದೆತ್ತಿ ದೂರ ನಿಲ್ಲಿಸಿದೆ. "ಇದು ದೊಡ್ಡವರ ಶರಬತ್ತ. ನೀ ಅಲ್ಲೆ ಆಡು" ಎಂದೆ. ಅವಳು ಹೋಗಿ ಉರಿಬಿಸಿಲಿನಲ್ಲಿ ಕುಂಟಾಬಿಲ್ಲೆ ಆಡತೊಡಗಿದಳು. ನಾವು ಕುಡಿದೆವು. ಹುಳಿ, ಉಪ್ಪು, ಖಾರ, ಗಂಟಲಲ್ಲಿ ಸಣ್ಣಗೆ ಬೆಂಕಿ. ಖರೇ ಹೇಳುತ್ತೇನೆ, ಬಹಳ ಚೆನ್ನಾಗಿತ್ತು. ಮದುವೆಯಾದ ಮೇಲೆ ಗಂಡನ ಎದುರು ನಾನು ಅಷ್ಟು ದೊಡ್ಡದಾಗಿ ನಕ್ಕದ್ದು ಅದೇ ಮೊದಲು.

ಎರಡನೆಯ ಗ್ಲಾಸಿನ ಅರ್ಧದಲ್ಲಿ ಫೋನು ಬಂತು. ಅತ್ತೆ. ಪರಿಚಯದವರ ಕಾರು ಸಿಕ್ಕಿದೆ, ಕಾಲು ತಾಸಿನಲ್ಲಿ ಬರುತ್ತೇನೆ ಎಂದರು. "ಲಗೂ ಮಾಡ್ರಿ, ಲಗೂ" ಎಂದು ನಾನು ಕೂಗಿದ್ದು ನೆನಪಿದೆ. ಬಾಟಲಿ, ಗ್ಲಾಸು, ಡಬ್ಬಿ ಹಿಡಿದು ಇಳಿದು ಓಡಿದೆವು. ಸಾಬೂನಿನಿಂದ ಮೂರು ಸಲ ಕೈ ತೊಳೆದೆ, ಏಲಕ್ಕಿ ಅಗಿದೆ. ಮಗಳ ತೋಳು ತೊಳೆಯಬೇಕೆಂದು ಯಾರಿಗೆ ಹೊಳೆಯುತ್ತದೆ? ಟಾಕಿಯ ಹಿಂದೆ ಉಳಿದ ನಿಂಬೆಹೋಳು ಮತ್ತು ಆ ತಾಟು ಕೂಡ ಮರೆತೇ ಹೋದವು.

ಮರುದಿನ ಬೆಳಿಗ್ಗೆ ಅತ್ತೆ ಟಾಕಿಯ ನೀರು ನೋಡಲು ಮಾಳಿಗೆಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಹಿಡಿದು ಕೂಗಿದರು. ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹೋಗಿ ನೋಡಿದರೆ ಅವರು ಗೋಡೆ ಹಿಡಿದು ನಿಂತಿದ್ದರು. ನಾನೂ ಅದನ್ನು ಅವರ ಕಣ್ಣಿನಿಂದ ನೋಡಿದೆ. ಹಿಂಡಿ ಬಿಸಾಡಿದ ನಿಂಬೆಹೋಳುಗಳು. ತಾಟಿನಲ್ಲಿ ಉಪ್ಪು, ಕೆಂಪು ಖಾರ, ಅದರ ನಡುವೆ ಗ್ಲಾಸು ಬೋರಲಿಟ್ಟು ಎತ್ತಿದ ಎರಡು ದುಂಡನೆಯ ಗೆರೆ. ಮಕ್ಕಳಿಗೆ ದೃಷ್ಟಿ ತೆಗೆಯುವುದು ಇದೇ ಉಪ್ಪು ಖಾರದಿಂದ. ಮೂರು ದಾರಿ ಕೂಡುವಲ್ಲಿ ಬಿದ್ದಿದ್ದರೆ ನಾವೆಲ್ಲ ದಾಟದೆ ಸುತ್ತಿ ಹೋಗುವುದು ಇಂಥದ್ದೇ ನಿಂಬೆಹೋಳನ್ನು. ಅದೂ ಅಮಾವಾಸ್ಯೆಯ ದಿನ.

"ಯಾರೋ ಮಾಡಿಸ್ಯಾರ" ಎಂದರು ಅತ್ತೆ. "ನಮ್ಮ ಮನಿ ಮ್ಯಾಲೆ ಯಾರೋ ಮಾಡಿಸ್ಯಾರ."

"ಯಾರೂ ಇಲ್ಲರಿ ಅತ್ತಿ. ಇಣಚಿ ಗಿಣಚಿ ತಂದು ಹಾಕಿರಬೇಕು" ಎಂದೆ. ಅಳಿಲು ಉಪ್ಪಿನ ತಾಟು ಹೊತ್ತು ತರುತ್ತದೆಯೇ ಎಂದು ಅವರು ಕೇಳಲಿಲ್ಲ. ಕಟ್ಟೆಯಾಚೆಗಿನ ಮಾಳಿಗೆಯನ್ನೇ ನೋಡುತ್ತಿದ್ದರು. ಆಗಲೇ ಹೇಳಿಬಿಟ್ಟಿದ್ದರೆ ಒಂದು ವಾರ ಮಾತುಬಿಡುತ್ತಿದ್ದರು, ಅಷ್ಟೇ. ನಾನು ಸುಮ್ಮನೆ ಕಸಬರಿಗೆ ತಂದೆ.

ಮೂರನೆಯ ದಿನ ಮಗಳಿಗೆ ಸ್ನಾನ ಮಾಡಿಸುವಾಗ ಅವಳು ಚೀರಿದಳು. ಎರಡೂ ತೋಳಿನ ಮೇಲೆ ಕೆಂಪಗೆ ಬಾತು ನೀರುಗುಳ್ಳೆ ಎದ್ದಿದ್ದವು. ಸುಮ್ಮನೆ ಗುಳ್ಳೆಯಲ್ಲ. ಒಂದೊಂದು ತೋಳಿನ ಹಿಂದೆ ನಾಲ್ಕು ಉದ್ದ ಗೆರೆ, ಮುಂದೆ ಒಂದು ಅಗಲ ಗುರುತು. ಯಾರೋ ಕಾದ ಕೈಯಿಂದ ಹಿಡಿದಂತೆ ಬೆರಳು ಮೂಡಿದ್ದವು. ಅತ್ತೆ ಬಂದು ನೋಡಿ, ಅವಳನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡರು. ನನ್ನ ಕೈಯ ಹೆಬ್ಬೆರಳಿನ ಬುಡದಲ್ಲೂ ಒಂದು ಕೆಂಪು ಕಲೆ ಎದ್ದಿತ್ತು. ಹಿಂದಿನ ದಿನ ಭಜಿ ಕರಿಯುವಾಗ ಎಣ್ಣೆ ಸಿಡಿದದ್ದಿರಬೇಕೆಂದು ನಾನು ಅದನ್ನು ಲಕ್ಷಕ್ಕೇ ತಂದಿರಲಿಲ್ಲ.

ಹುಬ್ಬಳ್ಳಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಭೂತಗನ್ನಡಿ ಹಿಡಿದು ನೋಡಿ, "ಗಿಡದ ರಸ ಬಿದ್ದು ಬಿಸಲಿಗೆ ಸುಟ್ಟಂಗ ಕಾಣತೈತ್ರಿ. ಕೂಸು ಲಿಂಬಿಹಣ್ಣಿನ ಜೋಡಿ ಏನರೆ ಆಡಿತ್ತೇನು?" ಎಂದರು.

ನನಗೆ ಆ ಕ್ಷಣ ಎಲ್ಲ ತಿಳಿಯಿತು. ಆ ಬೆರಳುಗಳು ನನ್ನವು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ರಟ್ಟೆ ಹಿಡಿದು ಪಿಸುಗುಟ್ಟಿದರು: "ಕೇಳಿದೇನ? ಡಾಕ್ಟರ್ ಬಾಯಾಗೂ ಲಿಂಬಿಹಣ್ಣ ಬಂತು." ಗಂಡ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. "ಇಲ್ಲರಿ ಡಾಕ್ಟರ್, ಆಡಿಲ್ಲ" ಎಂದೆ. ಅದು ನಾನು ಆಡಿದ ಮಾತುಗಳಲ್ಲೇ ಅತ್ಯಂತ ಕೆಟ್ಟದ್ದು. ಡಾಕ್ಟರು ಮುಲಾಮು ಬರೆದುಕೊಟ್ಟು, ಕಲೆ ಹೋಗಲು ತಿಂಗಳುಗಳು ಬೇಕು ಎಂದರು.

ಅತ್ತೆಯ ತರ್ಕದಲ್ಲಿ ದೋಷವೇನೂ ಇರಲಿಲ್ಲ. ಹಣ್ಣು ಕಾಕು ಗಿಡದವು, ಆ ತೆಳು ಸಿಪ್ಪೆಯನ್ನು ನೋಡಿದರೇ ಗೊತ್ತಾಗುತ್ತದೆ. ಮಾಳಿಗೆಗೆ ಹೊರಗಿನಿಂದ ಬರಬಹುದಾದ ದಾರಿ ಕಾಕು ಮಾಳಿಗೆಯ ಕಟ್ಟೆಯೊಂದೇ. ದಿನವೂ ಮಗುವಿನ ಮೈಮುಟ್ಟುವವರು ಅವರೇ. ಮಕ್ಕಳಿಲ್ಲದ ಹೆಂಗಸು ಎಂಬುದೂ ಅದಕ್ಕೆ ಸೇರಿಕೊಂಡಿತು. ಹತ್ತು ವರ್ಷ ತಾವೇ ಒರೆಸಿ ಹಾಕಿದ್ದ ಆ ಕೈಗುಣದ ಮಾತು ಅತ್ತೆಯ ಬಾಯಿಗೆ ಬರಲು ಎರಡು ದಿನ ಹಿಡಿಯಲಿಲ್ಲ. ಅವರು ದುಷ್ಟತನದಿಂದ ಮಾಡಲಿಲ್ಲ, ಹೆದರಿ ಮಾಡಿದರು.

ಡಾಕ್ಟರಿಗೆ ತೋರಿಸಿ ಬಂದ ಸಂಜೆ ಕಾಕು ಬಾಚಣಿಗೆ ಹಿಡಿದು ಕಟ್ಟೆಯ ಬಳಿ ಬಂದಾಗ ಅತ್ತೆ ಅಡ್ಡ ನಿಂತರು. "ಇನ್ನ ಮ್ಯಾಲೆ ಕೂಸಿನ್ನ ಮುಟ್ಟಬ್ಯಾಡ. ನನ್ನ ಬಾಯಿಂದ ಹೆಚ್ಚ ಹೇಳಸಬ್ಯಾಡ."

ಕಾಕು ಅತ್ತೆಯನ್ನು ನೋಡಿದರು, ಆಮೇಲೆ ನನ್ನನ್ನು. "ನಾ ಏನ ಮಾಡೇನವಾ?" ಎಂದು ಕೇಳಿದ್ದು ನನ್ನನ್ನೇ. ನಾನು ಒಣಹಾಕಿದ ಬಟ್ಟೆ ತೆಗೆಯುವ ನೆಪದಲ್ಲಿ ತಿರುಗಿಕೊಂಡೆ.

ಅಲ್ಲಿಂದ ಮುಂದೆ ನಮ್ಮ ಓಣಿ ಬದಲಾಯಿತು. ಅತ್ತೆ ಹೇಳಿದ್ದು ಇಬ್ಬರಿಗೆ, ಎಂಟು ದಿನದಲ್ಲಿ ಎಲ್ಲ ಬಾಗಿಲುಗಳಿಗೂ ಗೊತ್ತಾಗಿತ್ತು. ಕಾಕು ಕೊಟ್ಟ ನಿಂಬೆಹಣ್ಣುಗಳನ್ನು ಜನ ಅವರ ಗೇಟಿನ ಮುಂದೆಯೇ ಇಟ್ಟು ಹೋದರು. ಅವರು ತರಕಾರಿ ಗಾಡಿಯ ಹತ್ತಿರ ಬಂದರೆ ಉಳಿದವರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಗಂಡನಿಗೆ ಹೇಳಿದೆ, ಹೇಳಿಬಿಡೋಣ ಎಂದು. "ಸುಮ್ನಿರು, ತಾನ ತಣ್ಣಗ ಆಕ್ಕತಿ" ಎಂದರು. ಸುಮ್ಮನಿರುವುದು ನನಗೂ ಹಿತವಾಗಿತ್ತು, ಹಾಗಾಗಿ ಅವರನ್ನು ಬೈಯುವ ಹಕ್ಕು ನನಗಿಲ್ಲ. ಮಗಳ ತೋಳಿನ ಗುಳ್ಳೆ ಒಡೆದು ಒಣಗಿ ಕಪ್ಪಗಾದವು. ದಿನ ಹೋದಂತೆ ಬೆರಳುಗಳು ಇನ್ನೂ ಸ್ಪಷ್ಟವಾದವು. ಅವಳಿಗೆ ಅಂಗಿ ತೊಡಿಸುವಾಗ ನನ್ನ ಕೈ ಆ ಗುರುತಿನ ಮೇಲೆ ಸರಿಯಾಗಿ ಕೂರುತ್ತಿತ್ತು. ಯಾರಾದರೂ ನೋಡಿಯಾರೆಂದು ಬೆರಳು ಮಡಚಿಕೊಳ್ಳುತ್ತಿದ್ದೆ.

ಒಂದು ತಿಂಗಳು ಹೀಗೆ ಹೋಯಿತು. ಒಂದು ಮಧ್ಯಾಹ್ನ ಕಾಕು ತಡೆಯಲಾಗದೆ ಬಟ್ಟಲಲ್ಲಿ ಗೋಧಿ ಬೆಲ್ಲದ ಮಾದಲಿ ಹಿಡಿದು ನಮ್ಮ ಗೇಟಿಗೆ ಬಂದರು. ಮಗಳಿಗೆ ಮಾದಲಿ ಇಷ್ಟ. ಕಿಟಕಿಯಲ್ಲಿ ನಿಂತಿದ್ದ ಮಗಳು ಅವರನ್ನು ನೋಡಿದಳು. ಅಜ್ಜಿ ಕಲಿಸಿದ್ದಂತೆ, "ಥೂ, ಥೂ, ಥೂ" ಎಂದು ಮೂರು ಸಲ ಉಗುಳಿ ಒಳಗೆ ಓಡಿದಳು. ಕಾಕು ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಹೋದರು.

ಅಂದು ಸಂಜೆ ಅತ್ತೆಯ ಮುಂದೆ ಕುಳಿತು ಎಲ್ಲ ಹೇಳಿದೆ. ಬಾಟಲಿ, ಟಾಕಿಯ ಹಿಂದಿನ ಗೋಣಿಚೀಲ, ಉಪ್ಪು, ಖಾರ, ನನ್ನ ಒದ್ದೆ ಕೈ, ಡಾಕ್ಟರ ಮುಂದೆ ಆಡಿದ ಸುಳ್ಳು. ಪೆಟ್ಟಿಗೆಯಿಂದ ಬಾಟಲಿಯನ್ನೂ ತಂದಿಟ್ಟೆ. ಅವರು ಅದರ ಮುಚ್ಚಳ ತೆಗೆದು ಮೂಸಿ ನೋಡಿದರು. ಬೈಯುತ್ತಾರೆಂದು ಕಾದೆ.

"ನೀವು ಕುಡದದ್ದು ಖರೇ ಇರಬೇಕು" ಎಂದರು ಕೊನೆಗೆ. "ಆದ್ರ ಕೂಸಿನ ಮೈಮ್ಯಾಲಿಂದು ನಿನ್ನ ಬೆರಳಲ್ಲ. ಲಿಂಬಿಹಣ್ಣ ಸುಡತೈತೇನ? ನಾ ನಲವತ್ತ ವರ್ಷ ಉಪ್ಪಿನಕಾಯಿ ಹಾಕೇನಿ, ನನ್ನ ಕೈ ಸುಟ್ಟಿಲ್ಲ. ಆಕಿ ಮ್ಯಾಲೆ ಮರುಗಿ ಹೇಳಾಕತ್ತೀ ನೀ."

"ನೀವು ಮನಿಯೊಳಗ ಕುಂತು ಹೆಚ್ಚತೀರಿ ಅತ್ತಿ. ಆ ಮ್ಯಾಲೆ ತೊಳಕೋತೀರಿ. ಬಿಸಲ ಎಲ್ಲಿ ಬೀಳತೈತ್ರಿ?"

"ನನಗ ಕಲಸಬ್ಯಾಡ."

ಸಿಟ್ಟು ನೆತ್ತಿಗೇರಿತು. "ಹಂಗಾರ ನಾಳೆ ಮಾಳಿಗಿ ಮ್ಯಾಲೆ ಬರ್ರಿ. ನಿಮ್ಮ ಕಣ್ಣಾರೆ ನೋಡ್ರಿ" ಎಂದೆ.

ಬಂದರು. ಕಾಕು ಗಿಡದ ಹಣ್ಣು ಬೇಡ, ಪೇಟೆಯಿಂದಲೇ ತರಬೇಕು ಎಂದು ಷರತ್ತು ಹಾಕಿದರು. ಹಣ್ಣನ್ನು ತಾವೇ ಆರಿಸಿ, ತಾವೇ ಕೊಯ್ದರು. ನಾನು ಬಲಗೈಯಲ್ಲಿ ಹಿಂಡಿಕೊಂಡು ಎಡ ಮುಂಗೈಯನ್ನು ಗಟ್ಟಿಯಾಗಿ ಹಿಡಿದೆ, ಮಗಳನ್ನು ಹಿಡಿದ ಹಾಗೆಯೇ. ಟಾಕಿಯ ಹಿಂದೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಬಿಸಿಲಿಗೆ ತೋಳು ಚಾಚಿ ಒಂದು ತಾಸು ಕುಳಿತೆ. ಅತ್ತೆ ಕೊಡೆ ಹಿಡಿದು ಎದುರಿಗೆ ಕುಳಿತಿದ್ದರು. ನನಗೆ ಜೀವನದಲ್ಲಿ ಮೊದಲ ಸಲ, ದೇವರೇ, ನನ್ನ ಮೈ ಸುಡಲಿ ಎಂದು ಬೇಡಿಕೊಳ್ಳುವ ಗತಿ ಬಂದಿತ್ತು.

ಮರುದಿನ ಏನೂ ಆಗಲಿಲ್ಲ. ಅತ್ತೆ ತೋಳು ನೋಡಿ ತುಟಿ ಬಿಗಿದುಕೊಂಡು ಹೋದರು. ಮೂರನೆಯ ಬೆಳಿಗ್ಗೆ ಉರಿಯಿಂದಲೇ ಎಚ್ಚರವಾಯಿತು. ನಾಲ್ಕು ಬೆರಳು, ಒಂದು ಹೆಬ್ಬೆರಳು, ಮೇಲೆ ಸಾಲಾಗಿ ನೀರುಗುಳ್ಳೆ. ಕುಣಿಯುವಷ್ಟು ಸಂತೋಷವಾಯಿತು. ಪೂಜೆಗೆ ಕುಳಿತಿದ್ದ ಅತ್ತೆಯ ಮುಂದೆ ತೋಳು ಹಿಡಿದೆ. ಅವರು ಕೈಯಲ್ಲಿನ ಲಿಂಗವನ್ನು ಸಾವಕಾಶ ಅದರ ಬೆಳ್ಳಿಯ ಕರಡಿಗೆಯೊಳಗಿಟ್ಟು ಮುಚ್ಚಿದರು. ಮಗಳನ್ನು ಕರೆದು, ಅವಳ ತೋಳಿನ ಪಕ್ಕ ನನ್ನ ತೋಳಿಟ್ಟು ನೋಡಿದರು. ಅವರ ಮುಖ ಬೂದಿಯಾಯಿತು.

"ಹೋಗು. ಆಕಿಗೆ ತೋರಿಸಿ ಹೇಳಿ ಬಾ" ಎಂದರು. "ನಾ ಹಿಂದ ಬರತೇನಿ. ನನಗ ಕಾಲ ಬರವಲ್ಲವು."

ಗೇಟು ತೆರೆದು ಒಳಗೆ ಹೋದೆ. ಮೂಲೆ ಬಯಲಾಗಿ ಕಂಡಿತು. ನಿಂಬೆ ಗಿಡ ಬುಡಕ್ಕೆ ಕಡಿದು ಬಿದ್ದಿತ್ತು. ಕಾಯಿ, ಹೂವು, ಎಲೆ ಎಲ್ಲ ನೆಲದ ಮೇಲೆ. ಅಂಗಳದ ತುಂಬ ಅದರ ವಾಸನೆ. ಕಾಕು ಕೊಡಲಿ ಪಕ್ಕಕ್ಕಿಟ್ಟು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಬೆಳಿಗ್ಗೆಯಷ್ಟೇ ತಾವೇ ಕಡಿದಿದ್ದರು.

"ಯಾಕ ಕಾಕು? ಯಾಕ ಕಡದ್ರಿ?"

"ಇರಲಿ ಬಿಡವಾ. ಶಿರಗುಪ್ಪಿಯವರು ಅವತ್ತ ಖರೇನ ಹೇಳಿದ್ರು. ನಾನ ನಂಬಿರಲಿಲ್ಲ. ನನ್ನ ಹೊಟ್ಟ್ಯಾಗಿನವೂ ಉಳೀಲಿಲ್ಲ. ಈಗ ನಾ ಕೊಟ್ಟ ಹಣ್ಣಿಂದ ಆ ಕೂಸಿಗೆ ಹಿಂಗಾತು. ನನಗ ಗೊತ್ತಿಲ್ಲದ ನನ್ನ ಕೈಯಾಗ ಏನೋ ಐತಿ."

"ಏನಿಲ್ಲ ಕಾಕು, ಏನೂ ಇಲ್ಲ! ನೋಡ್ರಿಲ್ಲೆ" ಎಂದು ಗೆದ್ದವಳ ಹಾಗೆ ತೋಳು ಮುಂದೆ ಚಾಚಿದೆ.

ಕಾಕು ನನ್ನ ತೋಳಿನ ಮೇಲಿನ ಐದು ಬೆರಳು ನೋಡಿದರು. ಅವರ ಕಣ್ಣು ಅಗಲವಾದವು. ಎದ್ದು ಗೋಡೆಗೆ ಒತ್ತಿ ನಿಂತರು.

"ನಿನಗೂ ಬಂತೇನವಾ?" ಎಂದರು. "ನಿನ್ನ ನಾ ಮುಟ್ಟೂ ಇಲ್ಲಲ್ಲ."

ಎಲ್ಲ ಹೇಳಿದೆ. ಮೊದಲಿನಿಂದ, ಒಂದೂ ಬಿಡದೆ, ಕಾಲು ಹಿಡಿದು ಹೇಳಿದೆ. ಅಷ್ಟರಲ್ಲಿ ಅತ್ತೆಯೂ ಬಂದು, ಕಡಿದ ಗಿಡ ದಾಟಿ, ಅಳುತ್ತ ಕೈ ಮುಗಿದರು. ಕಾಕು ಇಬ್ಬರ ಮಾತನ್ನೂ ತಲೆಯಾಡಿಸುತ್ತ ಕೇಳಿದರು. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ. ನಿಮ್ಮ ಮನಸ ದೊಡ್ಡದು" ಎಂದರು. ಕಾಲು ಹಿಡಿದಿದ್ದ ನನ್ನನ್ನು ಅವರು ಹಿಡಿದೆತ್ತಲಿಲ್ಲ. ಎದ್ದೇಳು, ಎದ್ದೇಳು ಎಂದು ಬಾಯಲ್ಲೇ ಹೇಳಿದರು.

ಆಮೇಲೆ ಅತ್ತೆ ಓಣಿಯ ಪ್ರತಿ ಮನೆಗೆ ಹೋಗಿ, ತಮ್ಮ ಮನೆಯಲ್ಲಿ ಮದ್ಯ ಕುಡಿದದ್ದನ್ನು ತಮ್ಮ ಬಾಯಿಂದಲೇ ಹೇಳಿ ಬಂದರು. ಅದಕ್ಕೆ ಎಂಥ ಧೈರ್ಯ ಬೇಕೆಂದು ನನಗೆ ಗೊತ್ತು. ಕೆಲವರು ನಂಬಿದರು, ಕೆಲವರು ನಮ್ಮ ಮೇಲೆ ನಕ್ಕರು. ಮಳೆಗಾಲ ಮುಗಿಯುವಷ್ಟರಲ್ಲಿ ಮಗಳ ತೋಳೂ ನನ್ನ ತೋಳೂ ತಿಳಿಯಾದವು. ಮಗಳು ಈಗ ದೊಡ್ಡವಳು. ನಡೆದದ್ದನ್ನೆಲ್ಲ ಅವಳಿಗೂ ಹೇಳಿದ್ದೇನೆ. ಲಿಂಬಿ ಆಯಿ ಎಂದು ತಾನಾಗಿಯೇ ಕರೆಯುತ್ತ ಅವರ ಗೇಟಿಗೆ ಹೋಗುತ್ತಾಳೆ. ಅವಳು ಹತ್ತಿರ ಬಂದ ಕೂಡಲೇ ಕಾಕು ನಗುತ್ತಾರೆ, ಮಾತಾಡಿಸುತ್ತಾರೆ, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾರೆ.